ಪದಚರ್ಚೆ: ‘ಫೀಲ್ಡ್’, ‘ಡಿಲಿಮಿಟರ್’ – ಕ್ಷೇತ್ರವೋ, ಕಾಲಮ್ಮೋ, ಖಾನೆಯೋ?

ನಮಸ್ಕಾರ. ಕಲಬುರಗಿಯ ಡಿಪ್ಲೊಮಾ ಹುಡುಗರಿಗೆ ಲಿನಕ್ಸ್ ಕಂಪ್ಯೂಟರ್ ವ್ಯವಸ್ಥೆಯ ‘ಕಟ್’ ಆಜ್ಞೆಯ (ಕಡತದ ಪ್ರತಿ ಸಾಲಿನಿಂದ ಬೇಕಾದ ಭಾಗವನ್ನಷ್ಟೇ ಆಯ್ದು ತೋರಿಸುವುದು) ಟಿಪ್ಪಣಿ ಕನ್ನಡದಲ್ಲಿ ತಯಾರಾಗುತ್ತಿದೆ. ಸಾಲಿನ ಒಂದೊಂದು ಭಾಗವಾದ ‘ಫೀಲ್ಡ್’ಗೆ ‘ಕ್ಷೇತ್ರ’ ಅಂದರೆ ಹುಡುಗರಿಗೆ ಚುನಾವಣೆ ನೆನಪಾಗುತ್ತದೆ. ‘ಕಾಲಂ’ ನಡೆದೀತೇ? ಆ ಭಾಗಗಳನ್ನು ಬೇರ್ಪಡಿಸುವ ಗುರುತಾದ ‘ಡಿಲಿಮಿಟರ್’ಗೆ, ‘ಕ್ಯಾರೆಕ್ಟರ್’ಗೆ ಏನನ್ನೋಣ?

——

ಸರ್, ‘ಕಾಲಂ’ ಬೇಡ. ಪಹಣಿಯ 11ನೇ ಕಾಲಂನಲ್ಲಿ ಸಾಲ ಕೂತಿದೆ ಅಂತಾರಲ್ಲ, ಅದು ಮೇಲಿಂದ ಕೆಳಗೆ ಇಳಿಯುವ ಪಟ್ಟಿ. ಕಟ್ ನೋಡುವುದು ಒಂದು ಸಲಕ್ಕೆ ಒಂದೇ ಸಾಲು. ಅಲಮಾರದ ಒಂದೊಂದು ಅರೆಗೆ ನಮ್ಮ ಕಡೆ ‘ಖಾನಿ’ ಅಂತಾರ. ಬರಹದಲ್ಲಿ ‘ಖಾನೆ’ ಇರಲಿ. ಖಾಲಿ ಇದ್ದರೂ ಖಾನೆ ಖಾನೆಯೇ, ಮತ್ತು ಇಲ್ಲಿ ಕೆಲಸಕ್ಕೆ ಬರುವುದೇ ಆ ಅರ್ಥ.

ಡಿಲಿಮಿಟರ್‌ಗೆ ‘ಬದು’. ಅಲಮಾರದಿಂದ ಹೊಲಕ್ಕೆ ಜಿಗಿದಂತಾಯಿತು, ಆದರೂ ಇದೇ ಒಪ್ಪುತ್ತದೆ. ‘ಕಲಬುರಗಿ:ತೊಗರಿ:40’ ಎಂಬ ಸಾಲಿಗೆ ‘ಕಟ್ -ಡಿ: -ಎಫ್2’ ಕೊಟ್ಟರೆ ‘ತೊಗರಿ’ ಬರುತ್ತದೆ; ‘-ಡಿ’ ಅಂದರೆ ಬದು ಯಾವುದು, ‘-ಎಫ್’ ಅಂದರೆ ಎಷ್ಟನೇ ಖಾನೆ. ಬದು ಒಂದೇ ಗುರುತಿನದಾಗಿರಬೇಕು. ಹೇಳದೇ ಬಿಟ್ಟರೆ ಟ್ಯಾಬ್ ಅಂತ ಹಿಡಿಯುತ್ತದೆ. ಬದುವೇ ಇಲ್ಲದ ಸಾಲು ಇಡಿಯಾಗಿ ಹೊರಬೀಳುತ್ತದೆ, ಅದು ಬೇಡವಾದರೆ ‘-ಎಸ್’ ಸೇರಿಸಬೇಕು. ‘-ಎಫ್3,1’ ಅಂದರೂ ಮೊದಲು 1, ಆಮೇಲೆ 3. ಖಾನೆಗಳ ಸರದಿಯನ್ನು ಕಟ್ ಬದಲಿಸುವುದಿಲ್ಲ.

ಹುಡುಗರು ಎಡವುವುದು ಖಾಲಿ ಜಾಗದಲ್ಲಿ. ‘ತೊಗರಿ’ ಮತ್ತು ‘40’ರ ನಡುವೆ ಮೂರು ಸ್ಪೇಸ್ ಇದ್ದು, ಸ್ಪೇಸನ್ನೇ ಬದು ಮಾಡಿಕೊಂಡರೆ ಮೂರು ಬದು, ಅವುಗಳ ಮಧ್ಯೆ ಎರಡು ಖಾಲಿ ಖಾನೆ. ಹಾಗಾಗಿ 40 ಸಿಗುವುದು 4ನೇ ಖಾನೆಯಲ್ಲಿ. ಮೊದಲು ‘ಟಿಆರ್ -ಎಸ್’ ಎಂಬ ಇನ್ನೊಂದು ಆಜ್ಞೆಗೆ ಸ್ಪೇಸ್ ಕೊಟ್ಟು, ಮೂರನ್ನೂ ಒಂದಾಗಿಸಿದರೆ ಸರಿಹೋಗುತ್ತದೆ. ಖಾನೆ ಆಯುವ ಮತ್ತೊಂದು ಆಜ್ಞೆ ‘ಆಕ್’ಗೆ ಇದರ ಗೊಡವೆಯಿಲ್ಲ, ಅದು ಒತ್ತೊತ್ತಾಗಿರುವ ಸ್ಪೇಸನ್ನೆಲ್ಲ ಒಂದೇ ಬದು ಅನ್ನುತ್ತದೆ. ಅಲ್ಪವಿರಾಮವೇ ಬದುವಾಗಿರುವ ಕಡತದಲ್ಲಿ "ಸೇಡಂ ರಸ್ತೆ, ಕಲಬುರಗಿ" ಎಂದು ಉದ್ಧರಣ ಚಿಹ್ನೆಯೊಳಗೆ ವಿಳಾಸ ಇದ್ದರೂ ಕಟ್ ಅದನ್ನು ಸೀಳಿಯೇ ಸೀಳುತ್ತದೆ.

‘ಕ್ಯಾರೆಕ್ಟರ್’ಗೆ ಮಾತ್ರ ‘ಅಕ್ಷರ’ ಬರೆಯಲೇಬೇಡಿ. ‘ಕಲಬುರಗಿ’ ನಮ್ಮ ಕಣ್ಣಿಗೆ ಐದು ಅಕ್ಷರ. ಕಂಪ್ಯೂಟರಿನ ಲಿಪಿಸಂಕೇತ ಪದ್ಧತಿಯಾದ ಯೂನಿಕೋಡ್ ಲೆಕ್ಕದಲ್ಲಿ ಕ, ಲ, ಬ, ಉಕಾರ, ರ, ಗ, ಇಕಾರ, ಹೀಗೆ ಏಳು. ಅದನ್ನು ಕಡತದಲ್ಲಿ ಬರೆದಿಡುವ ಯುಟಿಎಫ್-8 ರೀತಿಯಲ್ಲಿ ಒಂದೊಂದಕ್ಕೂ ಮೂರು ಬೈಟು, ಒಟ್ಟು 21. ಲಿನಕ್ಸಿನಲ್ಲಿ ಸಾಮಾನ್ಯವಾಗಿರುವ ಗ್ನೂ ಕಟ್‌ನಲ್ಲಿ, ಕ್ಯಾರೆಕ್ಟರ್ ಎಣಿಸಬೇಕಾದ ‘-ಸಿ’ ಕೂಡ ಬಹುಕಾಲ ‘-ಬಿ’ಯಂತೆ ಬೈಟನ್ನೇ ಎಣಿಸುತ್ತ ಬಂದಿದೆ. ಅಂಥದರಲ್ಲಿ ‘-ಸಿ1-9’ ಕೊಟ್ಟರೆ ‘ಕಲಬ’: ಉಕಾರ ಹೋಯಿತು. ‘-ಸಿ1-4’ ಕೊಟ್ಟರೆ ‘ಕ’ದ ಬೆನ್ನಿಗೆ ಒಂದು ಮುರುಕು ಬೈಟು, ಪರದೆಯ ಮೇಲೆ ಪ್ರಶ್ನೆ ಗುರುತು. ಬೈಟು ಬಿಟ್ಟು ಯೂನಿಕೋಡ್ ಎಣಿಸುವ ಕಟ್ ಸಿಕ್ಕರೂ ‘ಬು’ ಒಂದಲ್ಲ, ಎರಡು ಅಂತಲೇ ಲೆಕ್ಕ. ಅದಕ್ಕೇ ‘ಸಂಕೇತ’ ಅನ್ನಿ, ‘ಒಂದು ಅಕ್ಷರದಲ್ಲಿ ಎರಡು ಮೂರು ಸಂಕೇತ ಇರಬಹುದು’ ಎಂದು ಪಕ್ಕದಲ್ಲೇ ಬರೆಯಿರಿ. ಕನ್ನಡ ಪಠ್ಯಕ್ಕೆ ‘-ಸಿ’ಗಿಂತ ‘-ಎಫ್’ ನೆಚ್ಚುವುದು ಲೇಸು.

‘ಕಟ್’ ಹೆಸರನ್ನು ‘ಕತ್ತರಿಸು’ ಅಂತ ಅನುವಾದಿಸಲು ಹೋಗಬೇಡಿ; ಮೂಲ ಕಡತಕ್ಕೆ ಅದು ಏನೂ ಮಾಡುವುದಿಲ್ಲ.