ಸಹಾಯ ಬೇಕು: ಗ್ರಂಥಾಲಯ ಸಪ್ತಾಹಕ್ಕೆ ಪುಸ್ತಕ ರಿಪೇರಿ ಬಲ್ಲವರು

ನವೆಂಬರ್ 14ರಿಂದ 20ರ ರಾಷ್ಟ್ರೀಯ ಗ್ರಂಥಾಲಯ ಸಪ್ತಾಹಕ್ಕೆ ನಮ್ಮ ಬಡಾವಣೆಯ ಶಾಖೆಯಲ್ಲಿ ಮಕ್ಕಳ ಕಥೆ ಓದು, ಹಿರಿಯರಿಗೆ ಡಿಜಿಟಲ್ ಗ್ರಂಥಾಲಯ ನೋಂದಣಿ ಇದೆ. ಇವಕ್ಕೆ ಜನ ಸಿಕ್ಕಾಯ್ತು. ಕೊರತೆ ಇರೋದು ಶನಿವಾರದ ಪುಸ್ತಕ ರಿಪೇರಿಗೆ: ಕೈಹೊಲಿಗೆ ಬೈಂಡಿಂಗ್ ಬಲ್ಲ ಇಬ್ಬರು ಬೇಕು, ಮಧ್ಯಾಹ್ನ 2ರಿಂದ 5.

ಸೆಲ್ಲೋಟೇಪ್ ಮಾತ್ರ ತರಬೇಡಿ. ಅದು ಹಳದಿಯಾಗಿ, ಅಂಟು ಕಾಗದಕ್ಕಿಳಿದು, ಕಿತ್ತರೆ ಅಕ್ಷರವೂ ಜೊತೆಗೇ ಬರುತ್ತೆ. ಹರಿದ ಹಾಳೆಗೆ ತೆಳು ಟಿಶ್ಯೂ ಕಾಗದ, ಮೈದಾ ಅಂಟು (1 ಪಾಲು ಹಿಟ್ಟು, 5 ಪಾಲು ನೀರು, ಸಣ್ಣ ಉರಿ). ಪುಸ್ತಕದ ಬೆನ್ನು ಬಿಟ್ಟಿದ್ದಕ್ಕೆ ಪಿವಿಎ (ಫೆವಿಕಾಲ್‌ನಂಥ ಬಿಳಿ ಅಂಟು). ಎರಡನ್ನೂ ತೆಳುವಾಗಿ ಹಚ್ಚಿ, ನಡುವೆ ಮೇಣದ ಕಾಗದ ಇಡಬೇಕು. ಇಲ್ಲದಿದ್ದರೆ ಪಕ್ಕದ ಪುಟವೂ ಅಂಟುತ್ತದೆ. ರಾತ್ರಿಯಿಡೀ ಭಾರದಡಿ ಒಣಗಬೇಕಾದ್ದರಿಂದ ಸ್ಕ್ರೂ ಪ್ರೆಸ್ (ತಿರುಪು ಬಿಗಿದು ಪುಸ್ತಕ ಒತ್ತುವ ಸಾಧನ) ಎರವಲು ಕೊಡುವವರೂ ತಿಳಿಸಿ. ಸಿಗದಿದ್ದರೆ ಕಾಗದ ಸುತ್ತಿದ ಇಟ್ಟಿಗೆಯೇ ಗತಿ!

ದಬ್ಬಣ, ಹತ್ತಿ ದಾರ ನಮ್ಮಲ್ಲಿವೆ. ಬರುವವರು ಕೆಳಗೆ ಕಾಮೆಂಟ್ ಹಾಕಿ.