ಪದಚರ್ಚೆ: ಬಂದೂಕಿನ ಟಿವಿ ಕಾರ್ಯಕ್ರಮಗಳಿಗೆ ‘ಪ್ರಾಯೋಜಿತ’ ಅಂದರೆ ಸಾಕೇ?

ಎಲ್ಲರಿಗೂ ನಮಸ್ಕಾರ.

ಅಮೆರಿಕದ ಟಿವಿಯಲ್ಲಿ ಬರುವ ಬಂದೂಕು, ಶೂಟಿಂಗ್, ಬೇಟೆಯ ಕಾರ್ಯಕ್ರಮಗಳ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ಕೆಲವು ಪದಗಳು ಕೈಕೊಟ್ಟಿವೆ. ಮುಖ್ಯವಾಗಿ ‘ಸ್ಪಾನ್ಸರ್’.

ಪ್ರಾಯೋಜಕ ಇದೆಯಲ್ಲ ಅಂತೀರಿ. ಇದೆ. ಆದರೆ ಪ್ರಾಯೋಜಕ ಅಂದ ಕೂಡಲೇ ಕಣ್ಣಿಗೆ ಬರುವುದು ದುಡ್ಡು ಕೊಟ್ಟು, ಬ್ಯಾನರ್ ಕಟ್ಟಿಸಿ, ಮುಂದಿನ ಸಾಲಿನಲ್ಲಿ ಸುಮ್ನೆ ಕೂತವನು. ಇಲ್ಲಿನ ವ್ಯವಹಾರ ಹಾಗಲ್ಲ. ಬೇಟೆ, ಮೀನು ಹಿಡಿಯುವಂಥ ಕಾರ್ಯಕ್ರಮ ತೋರಿಸುವ ಔಟ್‌ಡೋರ್ ಚಾನೆಲ್‌ನಂಥ ಕಡೆ ಎಷ್ಟೋ ಕಾರ್ಯಕ್ರಮಗಳಿಗೆ ಚಾನೆಲ್ ದುಡ್ಡು ಕೊಡುವುದಿಲ್ಲ. ನಿರ್ಮಾಪಕನೇ ಚಾನೆಲ್‌ಗೆ ದುಡ್ಡು ಕಟ್ಟಿ ಅರ್ಧ ಗಂಟೆ ಕೊಳ್ಳುತ್ತಾನೆ. ಆ ದುಡ್ಡು ಹುಟ್ಟುವುದು ಬಂದೂಕು, ಗುಂಡು, ಸ್ಕೋಪ್ (ಗುರಿ ನೋಡುವ ದುರ್ಬೀನು) ಮಾಡುವ ಕಂಪನಿಗಳಿಂದ. ಇದನ್ನು ಅಲ್ಲಿ ‘ಟೈಮ್ ಬೈ’ ಅನ್ನುತ್ತಾರೆ. ‘ಸ್ಲಾಟ್ ಕೊಳ್ಳುವುದು’ ಅಂತ ಬರೆದರೆ ಯಾರಿಗಾದರೂ ತಿಳಿಯುತ್ತದೆ, ಅದರಲ್ಲಿ ತಕರಾರಿಲ್ಲ.

ತೆರೆಯ ಮೇಲೆ ಏನು ಕಾಣುತ್ತದೆ ನೋಡಿ. ನಿರೂಪಕ ಹೊಸ ರೈಫಲ್ ಕೈಗೆತ್ತಿಕೊಳ್ಳುತ್ತಾನೆ. ಬೋಲ್ಟ್ ಎಳೆಯುವಾಗ ಕ್ಯಾಮೆರಾ ಕಂಪನಿಯ ಹೆಸರು ಕೊರೆದ ಜಾಗದ ಮೇಲೆ ಒಂದು ಕ್ಷಣ ಜಾಸ್ತಿ ನಿಲ್ಲುತ್ತದೆ. ಐದು ಗುಂಡು, ಕಾಗದದ ಟಾರ್ಗೆಟ್ ಮೇಲೆ ಒತ್ತೊತ್ತಾಗಿ ಐದು ತೂತು. ‘ಪರವಾಗಿಲ್ಲ ಅಲ್ವಾ’ ಎಂಬಂಥ ನಗು. ಪರೀಕ್ಷೆಗೆಂದು ಬರುವ ಇಂಥ ಬಂದೂಕು ಸಾಮಾನ್ಯವಾಗಿ ಕಂಪನಿಯೇ ಎರವಲು ಕೊಟ್ಟದ್ದು. ಆಮೇಲೆ ವಾಪಸ್ ಕಳಿಸಬಹುದು, ಇಲ್ಲವೇ ಕಡಿಮೆ ಬೆಲೆಗೆ ಇಟ್ಟುಕೊಳ್ಳಬಹುದು. ಕೊನೆಯಲ್ಲಿ ಇರುವೆ ಸಾಲಿನಂಥ ಅಕ್ಷರಗಳಲ್ಲಿ ‘ಪ್ರಮೋಷನಲ್ ಕನ್ಸಿಡರೇಷನ್’ ಕೊಟ್ಟವರ ಪಟ್ಟಿ ಓಡುತ್ತದೆ. ಕರಾರು ಕಾನೂನಿನಲ್ಲಿ ಕನ್ಸಿಡರೇಷನ್‌ಗೆ ನಾವು ಪ್ರತಿಫಲ ಅನ್ನುತ್ತೇವೆ. ಹಾಗಾಗಿ ‘ಪ್ರಚಾರಕ್ಕೆ ಪ್ರತಿಫಲ’ ಅಂತ ಹಾಕಿದ್ದೇನೆ. ಇಂಗ್ಲಿಷಿನಲ್ಲಿ ಗೌರವದ ಮಾತಿನಂತೆ ಕೇಳಿಸುವುದು ಕನ್ನಡಕ್ಕೆ ಬಂದಾಗ ಬೆತ್ತಲಾಗುತ್ತದೆ. ನನಗದು ಇಷ್ಟವೇ. ದುಡ್ಡು ಕೊಟ್ಟವರು ಯಾರೆಂದು ಹೇಳಬೇಕು ಅನ್ನುವ ನಿಯಮ ಅಮೆರಿಕದ 1934ರ ಸಂಪರ್ಕ ಕಾಯ್ದೆಯ 317ನೇ ಸೆಕ್ಷನ್‌ನಲ್ಲಿದೆ. ರೇಡಿಯೋದವರು ಲಂಚ ತಗೊಂಡು ಹಾಡು ಹಾಕುತ್ತಿದ್ದ ಹಗರಣ ಆದ ಮೇಲೆ 1960ರಲ್ಲಿ ಅದನ್ನು ಬಿಗಿ ಮಾಡಿದರು.

ಮತ್ತೆ ಪ್ರಾಯೋಜಕನಿಗೆ ಬರೋಣ. ಇದರ ಬೆನ್ನಿಗಿರುವ ಪ್ರಯೋಜಕ ಪದಕ್ಕೆ ಸಂಸ್ಕೃತ ವ್ಯಾಕರಣದಲ್ಲಿ ಬೇರೆಯೇ ಕೆಲಸ ಇದೆ. ಮಾಡುವವನು ಕರ್ತೃ, ಅವನಿಂದ ಮಾಡಿಸುವವನು ಪ್ರಯೋಜಕ. ಪಾಣಿನಿಯ ಸೂತ್ರದಲ್ಲೇ ಇದೆ. ಕನ್ನಡದಲ್ಲಿ ಇದನ್ನೆಲ್ಲ ಒಂದು ‘-ಇಸು’ ಮಾಡಿಬಿಡುತ್ತದೆ: ಮಾಡಿಸು, ಹೇಳಿಸು, ಹೊಗಳಿಸು. ಹಾಗಾದರೆ ‘ಪ್ರಾಯೋಜಿತ ವಿಮರ್ಶೆ’ ಬದಲು ‘ಬರೆಸಿದ ವಿಮರ್ಶೆ’, ‘ಹೇಳಿಸಿದ ಮಾತು’ ಅಂದರೆ ಹೇಗೆ? ಹಿಂದೆ ಇನ್ನೊಬ್ಬ ಇದ್ದಾನೆ ಅನ್ನುವುದು ಕ್ರಿಯಾಪದದಲ್ಲೇ ಬಂತು.

ಇಲ್ಲಿಗೆ ಮುಗಿಯಿತು ಅಂದುಕೊಳ್ಳುವ ಹೊತ್ತಿಗೆ ಜಿಮ್ ಝಂಬೋ ಅಡ್ಡ ಬಂದರು. ಅವರು ಹೆಸರಾಂತ ಬೇಟೆ ಬರಹಗಾರರು. ‘ಔಟ್‌ಡೋರ್ ಲೈಫ್’ ಪತ್ರಿಕೆಯ ಹಳೆಯ ಅಂಕಣಕಾರರು. ಔಟ್‌ಡೋರ್ ಚಾನೆಲ್‌ನಲ್ಲಿ ಅವರ ಹೆಸರಿನದೇ ಕಾರ್ಯಕ್ರಮ, ಬಂದೂಕು ತಯಾರಿಸುವ ರೆಮಿಂಗ್ಟನ್ ಕಂಪನಿಯ ಬೆಂಬಲ. 2007ರ ಫೆಬ್ರವರಿಯಲ್ಲಿ ಬ್ಲಾಗಿನಲ್ಲಿ ಬರೆದರು: ಎಆರ್ ಮಾದರಿಯ (ಸೇನೆಯ ಬಂದೂಕಿನಂತೆ ಕಾಣುವ, ಅರೆ-ಸ್ವಯಂಚಾಲಿತ) ರೈಫಲ್‌ಗಳಿಗೆ ಬೇಟೆಯಲ್ಲಿ ಜಾಗ ಇಲ್ಲ, ಅವು ಭಯೋತ್ಪಾದಕರ ರೈಫಲ್‌ಗಳು. ಬಂದೂಕು ಪ್ರಿಯರು ಉರಿದುಬಿದ್ದರು. ಕೆಲವೇ ದಿನಗಳಲ್ಲಿ ರೆಮಿಂಗ್ಟನ್ ಸಂಬಂಧ ಕಡಿದುಕೊಂಡಿತು, ಪತ್ರಿಕೆಯ ನಂಟು ಹೋಯಿತು, ಟಿವಿ ಕಾರ್ಯಕ್ರಮ ನಿಂತಿತು. ಕ್ಷಮೆ ಕೇಳಿದ್ದೂ ಉಪಯೋಗಕ್ಕೆ ಬರಲಿಲ್ಲ. ಆಮೇಲೆ ಆ ವಲಯದಲ್ಲಿ ಅವರ ಹೆಸರೇ ಕ್ರಿಯಾಪದವಾಯಿತು. ಒಂದು ತಪ್ಪು ಮಾತಿಗೆ ಅನ್ನ ಕಳಕೊಂಡವನನ್ನು ‘ಝಂಬೋ ಆದ’ ಅನ್ನುತ್ತಾರೆ. ಕನ್ನಡಕ್ಕೆ ಇದು ಸಲೀಸು, ನಾವು ಯಾವ ಪದದ ಹಿಂದೆಯೂ ‘ಆಗು’ ಹಚ್ಚುತ್ತೇವೆ. ಆದರೆ ಜಂಬದವನು ಅಂತ ಓದಿಕೊಳ್ಳುವವರೂ ಇರುತ್ತಾರೆ, ಅಡಿಟಿಪ್ಪಣಿ ಬೇಕಾದೀತು.

ನನ್ನ ತೊಡಕು ಇಲ್ಲಿದೆ. ಝಂಬೋ ಅವರಿಂದ ಯಾರೂ ಏನನ್ನೂ ಹೇಳಿಸಿರಲಿಲ್ಲ. ಅವರು ಹೇಳಬಾರದ್ದನ್ನು ಹೇಳಿದರು, ಅಷ್ಟೇ. ಅದನ್ನು ನೋಡಿದ ಉಳಿದ ನಿರೂಪಕರಿಗೆ ಯಾರಾದರೂ ಬಂದು ಬಾಯಿ ಮುಚ್ಚಿಸಬೇಕೇ? ತಾವೇ ಮುಚ್ಚಿಕೊಳ್ಳುತ್ತಾರೆ. ಹಾಗಾಗಿ ‘-ಇಸು’ ಇಲ್ಲಿ ಸೋಲುತ್ತದೆ.

ಇದಕ್ಕೆ ನನಗೆ ಹೊಳೆಯುವ ಸರಿಯಾದ ಪದ ಹಂಗು. ಯಾರೂ ಅಪ್ಪಣೆ ಕೊಡದಿದ್ದರೂ ಉಂಡವನ ನಾಲಿಗೆಯನ್ನು ಕಟ್ಟಿಹಾಕುವುದು ಅದೇ. ‘ಹಂಗಿನ ಕಾರ್ಯಕ್ರಮ’ ಅಂದರೆ ಟೈಮ್ ಬೈ, ಎರವಲು ರೈಫಲ್, ಝಂಬೋ ಎಲ್ಲ ಅದರೊಳಗೆ ಬಂದವು. ಆದರೆ ಹಂಗು ಅಂದ ಕೂಡಲೇ ತೀರ್ಪು ಕೊಟ್ಟಂತಾಗುತ್ತದೆ. ಪ್ರಾಯೋಜಕರಿದ್ದೂ ನೆಟ್ಟಗೆ ಮಾತಾಡುವ ನಿರೂಪಕ ಇದ್ದರೆ ಅವನಿಗೆ ಅನ್ಯಾಯ. ಹಿಸ್ಟರಿ ಚಾನೆಲ್‌ನ ‘ಟಾಪ್ ಶಾಟ್’ ಶೂಟಿಂಗ್ ಸ್ಪರ್ಧೆಯನ್ನೇ ತಗೊಳ್ಳಿ. ಗೆದ್ದವರಿಗೆ 1,00,000 ಡಾಲರ್ ಬಹುಮಾನ ಇತ್ತು, ಮುಂದಿನ ಸೀಸನ್‌ಗಳಲ್ಲಿ ಜೊತೆಗೆ ಬಾಸ್ ಪ್ರೋ ಶಾಪ್ಸ್ ಅನ್ನುವ ಅಂಗಡಿ ಸಂಸ್ಥೆಯ ಒಪ್ಪಂದವೂ ಸೇರಿತು. ಎಲ್ಲರಿಗೂ ಕಾಣುವಂತೆ ಇಟ್ಟದ್ದು. ಅದನ್ನು ಹಂಗು ಅನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ಅದಕ್ಕೆ ಪ್ರಾಯೋಜಿತ ಸಾಕು.

ಪ್ರಾಯೋಜಿತ ತೀರಾ ಸಪ್ಪೆ, ಹಂಗು ತೀರಾ ಖಾರ. ನಡುವೆ ಏನಾದರೂ ಇದೆಯೇ? ‘ಮುಲಾಜು’ ಯೋಚಿಸಿದೆ, ‘ಕಂಪನಿಯ ಮುಲಾಜಿನ ಕಾರ್ಯಕ್ರಮ’. ಅರ್ಥ ಹತ್ತಿರ ಬರುತ್ತದೆ, ಆದರೆ ಮುಲಾಜಿನಲ್ಲಿ ದುಡ್ಡಿನ ವಾಸನೆ ಇಲ್ಲ, ಸ್ನೇಹಕ್ಕೂ ಮುಲಾಜು ಇರುತ್ತದೆ.

ಇನ್ನೊಂದು ಚಿಕ್ಕದು. ಬೇಟೆಯ ಚಾನೆಲ್‌ಗೆ ಗುಂಡಿನ ಜಾಹೀರಾತು, ಅಡುಗೆ ಚಾನೆಲ್‌ಗೆ ಮಿಕ್ಸಿಯ ಜಾಹೀರಾತು: ಹೀಗೆ ವಿಷಯದ ಒಳಗಿನಿಂದಲೇ ಬರುವ ಜಾಹೀರಾತುದಾರರನ್ನು ಆ ಉದ್ಯಮದಲ್ಲಿ ‘ಎಂಡೆಮಿಕ್’ ಅನ್ನುತ್ತಾರೆ. ನಮ್ಮ ಪತ್ರಿಕೆಗಳಲ್ಲಿ ಎಂಡೆಮಿಕ್ ಅಂದರೆ ರೋಗವೇ. ‘ಒಳವಲಯದ ಜಾಹೀರಾತುದಾರರು’ ಅಂತ ಸದ್ಯಕ್ಕೆ ಹಾಕಿದ್ದೇನೆ. ಜಾಹೀರಾತು ಉದ್ಯಮದಲ್ಲಿ ಇರುವವರು ದಿನಬಳಕೆಯಲ್ಲಿ ಏನಂತೀರಿ, ತಿಳಿಸಿ.