ಡಿಮೆನ್ಶಿಯಾ ಹೋಂಗಳಲ್ಲಿ ಸಂಜೆ ಏಳರ ಮೇಲೆ ನೋಡಿಕೊಳ್ಳೋರು ಯಾರು?

ಬಸವನಗುಡಿ ಮಗಳು:
ಅಮ್ಮನಿಗೆ 78, ಡಿಮೆನ್ಶಿಯಾ (ಮರೆವಿನ ಕಾಯಿಲೆ) ಇದೆ. ಯುಗಾದಿ ಆದ ಮೇಲೆ ಬೆಂಗಳೂರಿನದೇ ಒಂದು ಖಾಸಗಿ ಹೋಂಗೆ ಸೇರಿಸಿದ್ದೇವೆ. ತಿಂಗಳಿಗೆ 55 ಸಾವಿರ, ಡೈಪರ್ ಮತ್ತು ಔಷಧಿ ಬೇರೆ. ಜಾಗ ಚೊಕ್ಕಟವಾಗಿದೆ, ಊಟ ಪರವಾಗಿಲ್ಲ. ಮೊನ್ನೆ ಹೇಳದೆ ಕೇಳದೆ ಸಂಜೆ ಏಳಕ್ಕೆ ಹೋದೆ. ಅಮ್ಮ ವೀಲ್‌ಚೇರ್‌ನಲ್ಲಿ ತೂಕಡಿಸುತ್ತಾ ಕೂತಿದ್ದರು. ಸೊಂಟಕ್ಕೆ ದುಪಟ್ಟಾ ಸುತ್ತಿ ಕುರ್ಚಿ ಹಿಂದೆ ಗಂಟು ಹಾಕಿದ್ದರು. ಕೇಳಿದ್ದಕ್ಕೆ "ಬೀಳ್ತಾರೆ ಮೇಡಂ, ಸೇಫ್ಟಿಗೆ" ಅಂದರು. ಔಷಧಿ ಚೀಟಿಯಲ್ಲಿ ಹೊಸದಾಗಿ ಕ್ವಿಟಿಯಾಪಿನ್ ಅನ್ನೋ ಮಾನಸಿಕ ಕಾಯಿಲೆಯ ಮಾತ್ರೆ ಸೇರಿದೆ. ನಮಗೆ ಯಾರೂ ಒಂದು ಮಾತು ಹೇಳಿಲ್ಲ. ಎಲ್ಲ ಕಡೆ ಹೀಗೇನಾ?

ಹಳೇ ಮೈಸೂರಿಗ:
ಬೇಜಾರಾಗಬೇಡಿ ತಾಯಿ, 55 ಸಾವಿರಕ್ಕೆ ಮನೆಗೇ ಇಬ್ಬರು ಆಯಾ ಬರ್ತಾರೆ. ನಮ್ಮ ಅಜ್ಜಿಗೂ ಅರುಳು ಮರುಳು ಇತ್ತು. ಸಾಯೋವರೆಗೂ ಮನೆಯಲ್ಲೇ ಇದ್ದರು. ಯಾರೂ ಕಟ್ಟಿ ಹಾಕಲಿಲ್ಲ.

ಆರ್.ಟಿ. ನಗರ ಹುಡುಗ:
ಸರ್, ಆ ಮನೆಯಲ್ಲಿ ಎಷ್ಟು ಜನ ಇದ್ರು? ಅಜ್ಜಿ ಹಿಂದೆ ಓಡಾಡುತ್ತಿದ್ದದ್ದು ಯಾರು, ನೀವಾ, ನಿಮ್ಮ ಅಮ್ಮನಾ? ನಮ್ಮದು ಎರಡನೇ ಮಹಡಿಯ ಎರಡು ಬೆಡ್‌ರೂಮ್ ಮನೆ, ಇಬ್ಬರೂ ಕೆಲಸಕ್ಕೆ ಹೋಗ್ತೀವಿ. ಅಪ್ಪ ರಾತ್ರಿ ಎರಡಕ್ಕೆ ಎದ್ದು ಗ್ಯಾಸ್ ತಿರುಗಿಸಿ ಹಚ್ಚೋದು ಮರೆತಿದ್ದರು. ಏಜೆನ್ಸಿ ಆಯಾ ಹಬ್ಬಕ್ಕೆ ಊರಿಗೆ ಹೋದವರು ವಾಪಸ್ ಬರಲೇ ಇಲ್ಲ. ಹೋಂಗೆ ಸೇರಿಸಿದವರನ್ನೆಲ್ಲ ಕಟಕಟೆಗೆ ನಿಲ್ಲಿಸಬೇಡಿ.

ನೈಟ್ ಡ್ಯೂಟಿ ಸಿಸ್ಟರ್:
ಮೇಡಂ, ನಾನು ಇಂಥ ಕಡೆ ವರ್ಷಗಟ್ಟಲೆ ಕೆಲಸ ಮಾಡಿದವಳು, ಇದ್ದದ್ದು ಇದ್ದ ಹಾಗೆ ಹೇಳ್ತೀನಿ. ಹಗಲು ಹೋಂ ನೋಡಿ ಏನೂ ಗೊತ್ತಾಗಲ್ಲ. ಹಗಲು ಫಿಸಿಯೋ ಬರ್ತಾರೆ, ಭಜನೆ ಇರುತ್ತೆ, ಮ್ಯಾನೇಜರ್ ಇರ್ತಾರೆ. ಹೊತ್ತು ಮುಳುಗೋ ಸಮಯಕ್ಕೆ ಈ ಕಾಯಿಲೆಯವರಿಗೆ ಚಡಪಡಿಕೆ ಜಾಸ್ತಿ. "ಮನೆಗೆ ಹೋಗ್ಬೇಕು, ಹಾಲು ಕಾಯಿಸ್ಬೇಕು" ಅಂತ ಬಾಗಿಲ ಹತ್ರ ನಿಲ್ತಾರೆ. ಸರಿಯಾಗಿ ಅದೇ ಹೊತ್ತಿಗೆ ಶಿಫ್ಟ್ ಬದಲಾಗಿ ಜನ ಕಡಿಮೆಯಾಗ್ತಾರೆ. ಕೈ ಹಿಡ್ಕೊಂಡು ಕಾರಿಡಾರ್‌ನಲ್ಲಿ ಎರಡು ಸುತ್ತು ಹಾಕಿಸಿದರೆ ಎಷ್ಟೋ ಜನ ತಣ್ಣಗಾಗ್ತಾರೆ. ಅದಕ್ಕೆ ಆಳು ಇಲ್ಲದ ಕಡೆ ದುಪಟ್ಟಾ ಬರುತ್ತೆ, ಮಾತ್ರೆ ಬರುತ್ತೆ.

ಇನ್ನೊಂದು ವಿಷಯ. ಸುಮ್ಮನಿದ್ದವರು ಇದ್ದಕ್ಕಿದ್ದ ಹಾಗೆ ಗಲಾಟೆ ಶುರು ಮಾಡಿದರೆ ಮೊದಲು ಇನ್ಫೆಕ್ಷನ್ ಇದೆಯಾ ಅಂತ ಯೂರಿನ್ ಟೆಸ್ಟ್ ಮಾಡಿಸಬೇಕು, ಮೋಷನ್ ಆಗಿದೆಯಾ ನೋಡಬೇಕು, ಎಲ್ಲಾದರೂ ನೋವಿದೆಯಾ ನೋಡಬೇಕು. ಅವರಿಗೆ ಬಾಯಿಬಿಟ್ಟು ಹೇಳೋಕೆ ಆಗಲ್ಲ, ಅದಕ್ಕೇ ಹೊಡೀತಾರೆ, ಕಿರುಚ್ತಾರೆ. ಇದ್ಯಾವುದೂ ಮಾಡದೆ ಕ್ವಿಟಿಯಾಪಿನ್ ಕೊಟ್ಟಿದ್ದರೆ ಅದು ತಪ್ಪು.

ಜಯನಗರ ಡಾಕ್ಟರ್:
ಸಿಸ್ಟರ್ ಹೇಳಿದ್ದು ಸರಿ. ಆದರೆ ಆ ಮಾತ್ರೆ ಹೆಸರು ಕಂಡ ಕೂಡಲೇ ಗಾಬರಿ ಬೇಡ. ಇಲ್ಲದ್ದು ಕಂಡು ಹೆದರುವವರಿಗೆ, ಕೈಮಾಡುವವರಿಗೆ ಕೆಲವು ಸಲ ಬೇಕೇ ಆಗುತ್ತದೆ. ಹಾಗಂತ ಚಾಕಲೇಟ್ ಥರ ಕೊಡುವಂಥದ್ದೂ ಅಲ್ಲ. ಡಿಮೆನ್ಶಿಯಾ ಇರುವ ವಯಸ್ಸಾದವರಲ್ಲಿ ಈ ಗುಂಪಿನ (ಆಂಟಿಸೈಕೋಟಿಕ್) ಹೊಸ ಔಷಧಿಗಳು ಸಾವಿನ ಅಪಾಯ ಹೆಚ್ಚಿಸುತ್ತವೆ ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2005ರಲ್ಲೇ ಎಚ್ಚರಿಕೆ ಕೊಟ್ಟಿದೆ. ಯಾಕೆ ಶುರು ಮಾಡಿದರು, ಎಷ್ಟು ಡೋಸ್, ಯಾವಾಗ ನಿಲ್ಲಿಸುತ್ತಾರೆ, ಇದನ್ನು ಬರೆದ ಡಾಕ್ಟರನ್ನೇ ಕೇಳಿ. ಹೋಂ ಮ್ಯಾನೇಜರ್ ಉತ್ತರ ಸಾಲದು. ಜೊತೆಗೆ ನೀವಾಗಿ ದಿಢೀರಂತ ನಿಲ್ಲಿಸಲೂಬೇಡಿ.

ಕರಿಕೋಟು:
ಕಟ್ಟಿಹಾಕುವ ವಿಷಯ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 97ನೇ ಸೆಕ್ಷನ್ ಓದಿ. ತಕ್ಷಣದ ಅಪಾಯ ತಡೆಯೋಕೆ ಬೇರೆ ದಾರಿಯೇ ಇಲ್ಲದಿದ್ದರೆ ಮಾತ್ರ ಕಟ್ಟಬಹುದು. ಅದಕ್ಕೂ ಮನೋವೈದ್ಯರ ಅನುಮತಿ ಬೇಕು. ಸಿಬ್ಬಂದಿ ಕಡಿಮೆ ಅನ್ನೋ ಕಾರಣಕ್ಕೆ ಕಟ್ಟುವಂತಿಲ್ಲ ಅಂತ ಸ್ಪಷ್ಟವಾಗಿಯೇ ಬರೆದಿದೆ.

ನೈಟ್ ಡ್ಯೂಟಿ ಸಿಸ್ಟರ್:
ಸರ್, ಆ ಕಾಯ್ದೆ ಮಾನಸಿಕ ಆರೋಗ್ಯ ಸಂಸ್ಥೆಗಳಿಗೆ ಅಲ್ವಾ? "ನಮ್ಮದು ಬರೀ ವೃದ್ಧಾಶ್ರಮ" ಅಂತ ಬೋರ್ಡ್ ಹಾಕಿದವರು ನಿಮ್ಮ ಸೆಕ್ಷನ್‌ಗೆ ಹೆದರ್ತಾರಾ?

ಕರಿಕೋಟು:
ಬೋರ್ಡ್ ಮುಖ್ಯ ಅಲ್ಲ, ಒಳಗೆ ಯಾರನ್ನು ಇಟ್ಟುಕೊಂಡು ಏನು ಮಾಡ್ತಾರೆ ಅನ್ನೋದು ಮುಖ್ಯ ಅಂತ ನಾನು ವಾದ ಮಾಡ್ತೀನಿ. ಅವರ ಕಡೆ ವಕೀಲರು ಬೇರೆ ಹೇಳಬಹುದು, ಒಪ್ಪುತ್ತೇನೆ. ಮೊದಲು ಎಲ್ಲಿ ನೋಂದಣಿ ಆಗಿದೆ ಅಂತ ಕಾಗದ ಕೇಳಿ. ಮಾತು ಬೆಳೆದರೆ ಹಿರಿಯರ ಸಹಾಯವಾಣಿ 14567 ಇದೆ. ಬೆಂಗಳೂರಲ್ಲಿ 1090 ಕೂಡ.

ವಿಜಯನಗರ ರಿಟೈರ್ಡ್:
ಹಿರಿಯರಲ್ಲಿ ಡಿಮೆನ್ಶಿಯಾ ಎಷ್ಟಿದೆ ಅಂತ ನೋಡಿದ, 2023ರಲ್ಲಿ ಪ್ರಕಟವಾದ ಲಾಸಿ-ಡ್ಯಾಡ್ ಅಧ್ಯಯನದ ಪ್ರಕಾರ ದೇಶದಲ್ಲಿ 60 ದಾಟಿದವರಲ್ಲಿ ಶೇ. 7.4 ಮಂದಿಗೆ ಡಿಮೆನ್ಶಿಯಾ. ಅಂದರೆ ಸುಮಾರು 88 ಲಕ್ಷ ಜನ. ನನ್ನ ಪೆನ್ಷನ್‌ನಲ್ಲಿ 55 ಸಾವಿರದ ಹೋಂ ಕನಸು. ನಮ್ಮಂಥವರ ಬಗ್ಗೆಯೂ ಯಾರಾದರೂ ಮಾತಾಡಿ.

ಆರ್.ಟಿ. ನಗರ ಹುಡುಗ:
ಭಾಷೆ ವಿಷಯ ಯಾರೂ ಎತ್ತಲಿಲ್ಲ. ಅಪ್ಪ ಬ್ಯಾಂಕಲ್ಲಿದ್ದವರು, ಹಿಂದಿ ಇಂಗ್ಲಿಷ್ ಎಲ್ಲ ಚೆನ್ನಾಗಿ ಬರ್ತಿತ್ತು. ಈಗ ಕನ್ನಡ ಬಿಟ್ಟರೆ ಏನೂ ಉಳಿದಿಲ್ಲ, ಅದೂ ಹಾಸನದ ಕನ್ನಡ. ಹೋಂನಲ್ಲಿ ಅವರನ್ನು ನೋಡಿಕೊಳ್ಳೋ ಹುಡುಗ ಜಾರ್ಖಂಡ್‌ನವನು. ಪಾಪ ಒಳ್ಳೆಯವನೇ, ಆದರೆ ಅಪ್ಪ "ಒಂದಕ್ಕೆ ಹೋಗ್ಬೇಕು ಕಣಪ್ಪ" ಅಂದರೆ ಅವನು ನೀರು ತಂದು ಕೊಡ್ತಾನೆ. ಐದು ನಿಮಿಷಕ್ಕೆ ಪಂಚೆ ಒದ್ದೆ. ಫೈಲ್‌ನಲ್ಲಿ "ಮೂತ್ರ ಹಿಡಿತ ಇಲ್ಲ" ಅಂತ ಬರೆದು ಡೈಪರ್ ಹಾಕಿಬಿಟ್ಟರು. ನಾನು ಹತ್ತು ಕನ್ನಡ ಮಾತನ್ನು ದೇವನಾಗರಿಯಲ್ಲಿ ಬರೆದು ಮಂಚದ ಪಕ್ಕ ಅಂಟಿಸಿದೆ. ಈಗ ಹಗಲು ಡೈಪರ್ ಇಲ್ಲ. 60 ಸಾವಿರ ತಗೊಳ್ಳೋರು ಮಾಡಬೇಕಾದ ಕೆಲಸ ಅಲ್ವಾ ಇದು?

ಹಳೇ ಮೈಸೂರಿಗ:
ಇದಕ್ಕೇ ಮನೆ ಅಂದದ್ದು.

ಆರ್.ಟಿ. ನಗರ ಹುಡುಗ:
ಮನೆಗೆ ಬರೋ ಆಯಾನೂ ಅದೇ ಏಜೆನ್ಸಿಯವರೇ ಸರ್.

ಬಸವನಗುಡಿ ಮಗಳು:
ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಫೋನ್ ಮಾಡಿ ಡಾಕ್ಟರ್ ಭೇಟಿ ಕೇಳಿದೆ, ಗುರುವಾರ ಕೊಟ್ಟಿದ್ದಾರೆ. ಯೂರಿನ್ ಟೆಸ್ಟ್ ಮಾಡಿಸಿಲ್ಲವಂತೆ. ಜೊತೆಗೆ ಒಂದು ಮಾತು ಸೇರಿಸಿದರು: ಇನ್ಮೇಲೆ ಬೆಳಿಗ್ಗೆ 11ರಿಂದ 1ರ ಒಳಗೆ ಮಾತ್ರ ಬನ್ನಿ, ಸಂಜೆ ಬಂದರೆ ಬೇರೆಯವರಿಗೆ ತೊಂದರೆ ಆಗುತ್ತೆ ಅಂತ.

ನೈಟ್ ಡ್ಯೂಟಿ ಸಿಸ್ಟರ್:
ಯೂರಿನ್ ಟೆಸ್ಟ್‌ಗೆ ಗುರುವಾರದವರೆಗೆ ಕಾಯಬೇಡಿ, ನಾಳೆಯೇ ಲ್ಯಾಬ್‌ನವರನ್ನು ಕಳಿಸಿ. ಆ 11ರಿಂದ 1ರ ಮಾತನ್ನು ಬರವಣಿಗೆಯಲ್ಲಿ ಕೊಡಿ ಅಂತ ಕೇಳಿ. ಕೊಡಲ್ಲ ಅಂದರೆ ಸಂಜೆ ಏಳಕ್ಕೆ ಹೋಗಿ. ಕೊಟ್ಟರೆ ಬೇರೆ ಹೋಂ ಹುಡುಕೋಕೆ ಶುರು ಮಾಡಿ.